ಮಾಸ್ತರಿಗೆ ವರ್ಗವಾದರೂ ನಿಲ್ಲದ ಬ್ಲಾಗು, ಪಾಡ್‌ಕಾಸ್ಟು: ಶಾಲೆಗೆ ಯಾವ ಸೇವೆ, ಯಾವ ಮೈಕು?

ಶಾಲೆಯ ಬ್ಲಾಗು ನಿಂತುಹೋಗುವುದು ಮಕ್ಕಳು ಬರೆಯದೆ ಅಲ್ಲ. ಶುರು ಮಾಡಿದ ಮಾಸ್ತರಿಗೆ ಕುಮಟೆಯಿಂದ ಹಳಿಯಾಳಕ್ಕೆ ವರ್ಗವಾಗುತ್ತದೆ. ಪಾಸ್‌ವರ್ಡು ಅವರ ಮೊಬೈಲಿನಲ್ಲಿ, ಓಟಿಪಿ ಅವರ ನಂಬರಿಗೆ. ಹೊಸದಾಗಿ ಬಂದ ಅಕ್ಕೋರು ಇನ್ನೊಂದು ಬ್ಲಾಗು ತೆರೆಯುತ್ತಾರೆ, ಹಳೆಯದು ಯಾವುದೋ ಸ್ವಾತಂತ್ರ್ಯ ದಿನಾಚರಣೆಯ ಫೋಟೋದ ಹತ್ತಿರ ನಿಂತಿರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಪ್ರತಿಯೊಂದಕ್ಕೂ ಕೇಳಿದ ಮೊದಲ ಪ್ರಶ್ನೆ ಒಂದೇ: ಮುಂದಿನ ವರ್ಷದವರ ಕೈಗೆ ಇದನ್ನು ಕೊಡಲು ಬರುತ್ತದೆಯೇ? ಕನ್ನಡಕ್ಕೆ ಒಗ್ಗುತ್ತದೆಯೇ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗಾಲಕ್ಕೆ ತಡೆಯುತ್ತದೆಯೇ ಎಂಬ ಪ್ರಶ್ನೆಗಳು ಆಮೇಲೆ.

ನೋಡಿದ್ದು ಐದು: ಬರವಣಿಗೆಗೆ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಡಾಟ್ ಕಾಮ್, ಪಾಡ್‌ಕಾಸ್ಟಿಗೆ (ನೆಟ್ಟಿನಲ್ಲಿ ಕಂತುಕಂತಾಗಿ ಕೇಳಿಸುವ ಧ್ವನಿ ಕಾರ್ಯಕ್ರಮ) ಸ್ಪಾಟಿಫೈ ಫಾರ್ ಕ್ರಿಯೇಟರ್ಸ್, ಎಡಿಟಿಂಗಿಗೆ ಆಡಾಸಿಟಿ, ರೆಕಾರ್ಡಿಂಗಿಗೆ ಬೋಯಾ ಬಿವೈ-ಎಂ1 ಕಾಲರ್ ಮೈಕು. ದುಡ್ಡು ಕೊಡಬೇಕಾದದ್ದು ಕೊನೆಯದಕ್ಕೆ ಮಾತ್ರ, ಅದೂ ಸುಮಾರು ಸಾವಿರ ರೂಪಾಯಿಯ ಆಸುಪಾಸು.

ಬ್ಲಾಗರ್: ಹಳೆಯದು, ಆದರೆ ಗಟ್ಟಿ

1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಶುರು ಮಾಡಿದ್ದು, 2003ರಲ್ಲಿ ಗೂಗಲ್ ಕೊಂಡಿತು. ನೋಡಲು ಈಗಲೂ ಹಳೆಯ ಕಾಲದ್ದೇ. ಆದರೆ ಶಾಲೆಗೆ ಬೇಕಾದದ್ದೆಲ್ಲ ಇದೆ: ಜಾಗಕ್ಕೆ ಬಾಡಿಗೆಯಿಲ್ಲ, ಎಲ್ಲರಿಗೂ ಇರುವ ಜೀಮೇಲೇ ಸಾಕು, ಒಂದು ಬ್ಲಾಗಿಗೆ 100 ಜನ ಲೇಖಕರನ್ನು ಸೇರಿಸಬಹುದು, ಅಪ್ಪಿತಪ್ಪಿ ಅಳಿಸಿದರೆ 90 ದಿನದೊಳಗೆ ವಾಪಸ್ ತರಬಹುದು.

ಮೊದಲ ಹೆಜ್ಜೆಯನ್ನು ಸರಿಯಾಗಿ ಇಡಬೇಕು. ಶಾಲೆಯ ಹೆಸರಿನಲ್ಲಿ ಒಂದು ಹೊಸ ಜೀಮೇಲ್ ಮಾಡಿ, ಬ್ಲಾಗನ್ನು ಅದರಿಂದಲೇ ತೆರೆಯಿರಿ. ಯಾರ ಸ್ವಂತ ಖಾತೆಯಿಂದಲೂ ಬೇಡ. ನಂತರ ಸೆಟ್ಟಿಂಗ್ಸ್‌ನಲ್ಲಿ ಮುಖ್ಯೋಪಾಧ್ಯಾಯರ ಖಾತೆಯನ್ನು ಲೇಖಕರಾಗಿ ಆಹ್ವಾನಿಸಿ. ಅವರು ಒಪ್ಪಿಕೊಂಡ ಮೇಲೆ ಅದನ್ನು ಅಡ್ಮಿನ್ ಮಾಡಿ. ಆಹ್ವಾನಿಸುವಾಗಲೇ ಅಡ್ಮಿನ್ ಮಾಡಲು ಬರುವುದಿಲ್ಲ, ಎರಡು ಹಂತ ಬೇಕು. ಬಹಳ ಜನ ಮೊದಲ ಹಂತಕ್ಕೇ ಬಿಟ್ಟುಬಿಡುತ್ತಾರೆ. ಶಾಲೆಯ ಜೀಮೇಲಿಗೆ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿದರೆ ಗೂಗಲ್ 10 ಬ್ಯಾಕಪ್ ಕೋಡುಗಳನ್ನು ಕೊಡುತ್ತದೆ, ಒಂದೊಂದು ಎಂಟು ಅಂಕಿಯದು. ಅದನ್ನು ಪ್ರಿಂಟ್ ತೆಗೆದು, ಲಕೋಟೆಯಲ್ಲಿ ಹಾಕಿ, ಹಾಜರಿ ಪುಸ್ತಕ ಇಡುವ ಕಪಾಟಿನಲ್ಲಿ ಇಡಿ. ಪಾಸ್‌ವರ್ಡು ಗೊತ್ತಿದ್ದರೆ, ಮಾಸ್ತರ ಫೋನು ಬದಲಾದರೂ, ಊರೇ ಬದಲಾದರೂ ಓಟಿಪಿಯ ಬದಲು ಆ ಲಕೋಟೆಯ ಕೋಡಿನಿಂದ ಒಳಗೆ ಹೋಗಬಹುದು. ಎರಡು ವರ್ಷ ಯಾರೂ ಲಾಗಿನ್ ಆಗದ ಖಾತೆಯನ್ನು ಅಳಿಸುವ ನಿಯಮವನ್ನೂ ಗೂಗಲ್ ಈಗ ಮಾಡಿಕೊಂಡಿದೆ, ನೆನಪಿರಲಿ.

ಇನ್ನು ಬ್ಲಾಗರಿನ ದೊಡ್ಡ ಕೊರತೆ. ಇಲ್ಲಿ ಇರುವುದು ಎರಡೇ ದರ್ಜೆ, ಅಡ್ಮಿನ್ ಮತ್ತು ಲೇಖಕ. ಲೇಖಕನಾದವನು ಯಾರನ್ನೂ ಕೇಳದೆ ಪಬ್ಲಿಶ್ ಒತ್ತಬಹುದು. ಒಂಬತ್ತನೇ ತರಗತಿಯ ಮಗುವಿಗೆ ಲೇಖಕನ ಪಟ್ಟ ಕೊಟ್ಟರೆ, ತಮಾಷೆಗೆ ಬರೆದದ್ದೂ ರಾತ್ರಿ ಹತ್ತಕ್ಕೆ ಶಾಲೆಯ ಹೆಸರಿನಲ್ಲಿ ಹೊರಗೆ ಬಂದಿರುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಗೆಲ್ಲುವುದು ಇಲ್ಲೇ. ಅಲ್ಲಿ ಕಾಂಟ್ರಿಬ್ಯೂಟರ್ ಎಂಬ ದರ್ಜೆ ಇದೆ: ಮಗು ಬರೆಯಬಹುದು, ಒಪ್ಪಿಗೆಗೆ ಕಳಿಸಬಹುದು, ಪ್ರಕಟಿಸಲು ಬರುವುದಿಲ್ಲ. ಆದರೆ ಅದರ ಉಚಿತ ಯೋಜನೆಯಲ್ಲಿ ಜಾಗ 1 ಜಿಬಿ ಮಾತ್ರ, ಆಡಿಯೋ ಫೈಲು ಏರಿಸಲು ಬಿಡುವುದಿಲ್ಲ, ಓದುಗರಿಗೆ ಜಾಹೀರಾತು ಕಾಣುತ್ತದೆ. ಮಕ್ಕಳ ಲೇಖನದ ಕೆಳಗೆ ಯಾವ ಜಾಹೀರಾತು ಬರುತ್ತದೆ ಎಂಬುದು ಶಾಲೆಯ ಕೈಯಲ್ಲಿಲ್ಲ. ಪಾಲಕರ ಸಭೆಯಲ್ಲಿ ಉತ್ತರ ಕೊಡಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಆದ್ದರಿಂದ ನಮ್ಮ ಮತ ಬ್ಲಾಗರಿಗೆ, ಒಂದು ಷರತ್ತಿನ ಮೇಲೆ: ಮಕ್ಕಳಿಗೆ ಖಾತೆ ಕೊಡಬೇಡಿ. ಅವರು ಗೂಗಲ್ ಡಾಕ್ಸ್‌ನಲ್ಲೋ ನೋಟುಬುಕ್ಕಿನಲ್ಲೋ ಬರೆಯಲಿ, ಇಬ್ಬರು ಶಿಕ್ಷಕರು ಮಾತ್ರ ಏರಿಸಲಿ. ಡಾಕ್ಸ್‌ನಿಂದ ನಕಲು ಮಾಡಿ ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒತ್ತಿ. ಬರೀ ಕಂಟ್ರೋಲ್-ವಿ ಒತ್ತಿದರೆ ಅಲ್ಲಿಯ ಫಾಂಟು, ಬಣ್ಣ, ಬಿಳಿ ಹಿನ್ನೆಲೆ ಎಲ್ಲ ಹಿಂದೆಯೇ ಬಂದು, ಒಂದೊಂದು ಲೇಖನ ಒಂದೊಂದು ವೇಷದಲ್ಲಿ ಕಾಣುತ್ತದೆ. ಕಾಮೆಂಟ್ ಮಾಡರೇಶನ್ 'ಯಾವಾಗಲೂ' ಎಂದಿರಲಿ. ಥೀಮಿಗೆ ಹಳೆಯ 'ಸಿಂಪಲ್' ಸಾಕು. ಸಾಲಿನ ಅಂತರ ಮಾತ್ರ 1.8ಕ್ಕೆ ಹೆಚ್ಚಿಸಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಕನ್ನಡಕ್ಕೆ ಎಡವುವ ಜಾಗಗಳು

ಇಂಗ್ಲಿಷಿನಲ್ಲಿ ಸಿಗುವ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದೇ ಇಲ್ಲ, ಹಾಗಾಗಿ ಸ್ವಲ್ಪ ನಿಧಾನಕ್ಕೆ ನೋಡೋಣ.

ಒಂದು ಲೇಖನ ತೆಗೆದುಕೊಳ್ಳಿ. ತಲೆಬರಹ 'ಗಜನಿ ಗದ್ದೆಯ ಕಗ್ಗ ಭತ್ತ'. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ನಿಂತರೂ ಬೆಳೆಯುವ ಭತ್ತದ ಬಗ್ಗೆ ಮಗು ಅಜ್ಜನ ಹತ್ತಿರ ಕೇಳಿ ಬರೆದದ್ದು, ಚೆನ್ನಾಗಿದೆ. ಪಬ್ಲಿಶ್ ಒತ್ತಿದರೆ ಬ್ಲಾಗರ್ ಅದಕ್ಕೆ ಕೊಡುವ ವಿಳಾಸ ಬರೀ 'ಬ್ಲಾಗ್-ಪೋಸ್ಟ್'. ಅದೇ ತಿಂಗಳ ಮುಂದಿನ ಲೇಖನಕ್ಕೂ ಅದೇ, ಕೊನೆಗೊಂದು ಅಂಕಿ ಅಂಟಿಸಿ. ಕನ್ನಡ ಅಕ್ಷರಗಳನ್ನು ಅದು ವಿಳಾಸಕ್ಕೆ ತೆಗೆದುಕೊಳ್ಳುವುದಿಲ್ಲ, ಬಿಟ್ಟುಬಿಡುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಕೊಂಡಿ ನೋಡಿ ಯಾವ ಲೇಖನ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪ್ರಕಟಿಸುವ ಮೊದಲು ಬಲಗಡೆಯ ಪರ್ಮಾಲಿಂಕ್ ತೆರೆದು, ಕಸ್ಟಮ್ ಆಯ್ಕೆ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಎರಡೋ ಮೂರೋ ಪದ, ನಡುವೆ ಅಡ್ಡಗೆರೆ ಹಾಕಿ ಬರೆಯಿರಿ. ಮೊದಲೇ ಮಾಡಬೇಕು. ಪ್ರಕಟಿಸಿದ ಮೇಲೆ ವಿಳಾಸ ಬದಲಿಸಲು ಲೇಖನವನ್ನು ಮತ್ತೆ ಡ್ರಾಫ್ಟಿಗೆ ಇಳಿಸಬೇಕು, ಆಗ ಹಂಚಿದ ಹಳೆಯ ಕೊಂಡಿಗಳೆಲ್ಲ ಸತ್ತಂತೆ.

ಎರಡನೆಯದು ನುಡಿ ತಾಪತ್ರಯ. ಶಾಲೆಯ ಕಂಪ್ಯೂಟರಿನಲ್ಲಿ ವರ್ಡ್ ತೆರೆದು ಹಳೆಯ 'ನುಡಿ 01 ಇ' ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬ್ಲಾಗಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಮೇಲೆ ಚುಕ್ಕೆ-ಬಾಲ ಇರುವ ಅಕ್ಷರಗಳ ರಾಶಿ ಬೀಳುತ್ತದೆ. ಕಂಪ್ಯೂಟರ್ ಹಾಳಾದದ್ದಲ್ಲ. ಆ ಫಾಂಟು ಕನ್ನಡದ ಮುಖವಾಡ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ಅಷ್ಟೇ. ಬ್ರೌಸರು ಮುಖವಾಡ ಕಳಚುತ್ತದೆ. ನುಡಿ ತಂತ್ರಾಂಶದ ಜೊತೆಗಿರುವ ಪರಿವರ್ತಕದಿಂದ ಯುನಿಕೋಡಿಗೆ, ಎಂದರೆ ಎಲ್ಲ ಕಡೆಯೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಬದಲಿಸಿದ ಮೇಲೆ ಅರ್ಕಾವತ್ತಿರುವ ಪದಗಳನ್ನು ಕಣ್ಣಿಟ್ಟು ನೋಡಿ: ಸೂರ್ಯ, ಅರ್ಥ, ವರ್ಷ. ತಪ್ಪಿದರೆ ತಪ್ಪುವುದು ಅಲ್ಲೇ. ಇನ್ನು ಮುಂದೆ ಟೈಪ್ ಮಾಡುವುದನ್ನು ಯುನಿಕೋಡಿನಲ್ಲೇ ಶುರು ಮಾಡಿಸಿ. ವಿಂಡೋಸಿನಲ್ಲಿ ಕನ್ನಡ ಕೀಬೋರ್ಡು ಸೇರಿಸಲು ಐದು ನಿಮಿಷ ಸಾಕು, ಫೋನಿನಲ್ಲಿ ಜೀಬೋರ್ಡಿನ ಕನ್ನಡ ಇದ್ದೇ ಇದೆ.

ಮೂರನೆಯದು ಕಣ್ಣಿಗೆ ಬೀಳದ ತಪ್ಪು. ಮಕ್ಕಳು ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತುತ್ತಾರೆ. 'ಅಂಕೋಲೆ' ಮತ್ತು 'ಅ೦ಕೋಲೆ' ಪರದೆಯ ಮೇಲೆ ಅವಳಿ-ಜವಳಿ. ಆದರೆ ಹುಡುಕುವಾಗ ಎರಡನೆಯದು ಸಿಗುವುದಿಲ್ಲ, ಫೋನಿನಲ್ಲಿ ಗಟ್ಟಿಯಾಗಿ ಓದಿಸಿದರೆ ಅದು ನಡುವೆ ಸೊನ್ನೆ ಎನ್ನುತ್ತದೆ ಅಥವಾ ಎಡವುತ್ತದೆ. ಪ್ರಕಟಿಸುವ ಮೊದಲು ಕಂಟ್ರೋಲ್-ಎಫ್ ಒತ್ತಿ ಕನ್ನಡ ಸೊನ್ನೆಯನ್ನು ಹುಡುಕುವ ಅಭ್ಯಾಸ ಮಾಡಿಕೊಳ್ಳಿ.

ಮಾತಾಡಿ ಟೈಪ್ ಮಾಡಿಸುವ ಸೌಲಭ್ಯ ಕನ್ನಡಕ್ಕೆ ಚೆನ್ನಾಗಿಯೇ ಇದೆ, ಆದರೆ ಅದು ಗ್ರಾಂಥಿಕ ಕನ್ನಡಕ್ಕೆ. ಶಿರಸಿಯ ಹವ್ಯಕರ ಮನೆಯ 'ಹೋಪನ', 'ಬಪ್ಪದು' ಎಂಬ ಮಾತನ್ನೋ, ಅಂಕೋಲೆಯ ಹಾಲಕ್ಕಿ ಅಜ್ಜಿಯ ಮಾತನ್ನೋ ಕೇಳಿಸಿದರೆ ಅದು ತನಗೆ ಗೊತ್ತಿರುವ ಇನ್ಯಾವುದೋ ಪದ ಬರೆದು ಕೂರುತ್ತದೆ. ಇಂಥದ್ದನ್ನು ಕೈಯಲ್ಲೇ ಬರೆಯಿರಿ. ಅಥವಾ ಬರೆಯುವುದೇ ಬೇಡ, ರೆಕಾರ್ಡ್ ಮಾಡಿ. ಪಾಡ್‌ಕಾಸ್ಟ್ ಎಂಬುದು ನಮ್ಮ ಜಿಲ್ಲೆಯ ಶಾಲೆಗೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ: ಒಂದೇ ತಾಲೂಕಿನಲ್ಲಿ ಕೊಂಕಣಿ, ನವಾಯತಿ, ಹವಿಗನ್ನಡ, ಹಾಲಕ್ಕಿ ಕನ್ನಡ ಕೇಳುವ ಕಡೆ, ಬರೆದರೆ ಅರ್ಧ ಬಣ್ಣ ಹೋಗುವ ಮಾತುಗಳೇ ಹೆಚ್ಚು.

ಬೋಯಾ ಬಿವೈ-ಎಂ1: ಒಂದು ಗುಂಡಿಯ ಗುಟ್ಟು

ಕಾಲರಿಗೆ ಸಿಕ್ಕಿಸುವ ಮೈಕು, 6 ಮೀಟರ್ ಉದ್ದದ ತಂತಿ, ಹಳೆಯ ಇಯರ್‌ಫೋನಿನ ಥರದ 3.5 ಮಿಲಿಮೀಟರ್ ಪಿನ್ನು. ತಂತಿಯ ನಡುವೆ ಒಂದು ಸಣ್ಣ ಡಬ್ಬಿ, ಅದರೊಳಗೆ ಎಲ್‌ಆರ್44 ಗುಂಡುಬ್ಯಾಟರಿ, ಮೇಲೊಂದು ಸ್ವಿಚ್ಚು. ಈ ಸ್ವಿಚ್ಚೇ ಎಲ್ಲ ಗೊಂದಲದ ಮೂಲ. ಒಂದು ಕಡೆ ಕ್ಯಾಮೆರಾ, ಇನ್ನೊಂದು ಕಡೆ ಫೋನು. ಫೋನಿಗೆ ಹಾಕಿದಾಗ ಸ್ವಿಚ್ಚು ಫೋನಿನ ಕಡೆಗೇ ಇರಬೇಕು. ಅದೇ ಆಫ್ ಸ್ಥಾನ, ಬ್ಯಾಟರಿಯ ಅಗತ್ಯವೂ ಇಲ್ಲ. 'ಆಫ್ ಇದ್ದರೆ ಹೇಗೆ ಕೆಲಸ ಮಾಡೀತು' ಎಂದು ಮಕ್ಕಳು ಅದನ್ನು ಆನ್ ಮಾಡುತ್ತಾರೆ, ಧ್ವನಿ ಕೆಡುತ್ತದೆ ಅಥವಾ ಬರುವುದೇ ಇಲ್ಲ, ಬ್ಯಾಟರಿಯೂ ಮುಗಿಯುತ್ತದೆ. ಫೋನಿನ ಸ್ಥಾನದಲ್ಲಿಟ್ಟು ಸ್ವಿಚ್ಚಿನ ಮೇಲೆ ಒಂದು ತುಂಡು ಟೇಪು ಅಂಟಿಸಿಬಿಡಿ.

ಈಗಿನ ಬಹಳ ಫೋನುಗಳಲ್ಲಿ ಆ ಪಿನ್ನಿಗೆ ತೂತೇ ಇಲ್ಲ. ಟೈಪ್-ಸಿಗೆ ಹಾಕುವ ಅಡಾಪ್ಟರ್ ಬೇಕು, ಅದರೊಳಗೆ ಧ್ವನಿಯ ಸಂಕೇತವನ್ನು ಬದಲಿಸುವ ಡ್ಯಾಕ್ ಚಿಪ್ಪು ಇರುವಂಥದ್ದೇ ಬೇಕು. ಸಂತೆಯಲ್ಲಿ ಸಿಗುವ ತೀರಾ ಅಗ್ಗದ್ದರಲ್ಲಿ ಬರೀ ತಂತಿ ಇರುತ್ತದೆ, ಕೆಲವು ಫೋನಿಗೆ ಮಾತ್ರ ನಡೆಯುತ್ತದೆ. ಒಪ್ಪೋ, ವಿವೋ, ರಿಯಲ್‌ಮಿ ಫೋನುಗಳಲ್ಲಿ ಇನ್ನೊಂದು ಉಪದ್ರವ: ಹೊರಗಿನ ಉಪಕರಣವನ್ನು ಫೋನಿಗೆ ಸಿಕ್ಕಿಸಲು ಬಿಡುವ ಓಟಿಜಿ ಎಂಬ ಸೆಟ್ಟಿಂಗನ್ನು ಕೈಯಾರೆ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ಅದೇ ಆಫ್ ಆಗುತ್ತದೆ. ಬೆಳಿಗ್ಗೆ ಪರೀಕ್ಷಿಸಿದಾಗ ಸರಿ ಇದ್ದ ಮೈಕು ಮಧ್ಯಾಹ್ನ ಸತ್ತಿತು ಎಂಬ ದೂರಿನ ಹಿಂದೆ ಇದೇ ಇರುವುದು ಹೆಚ್ಚು. ಕಂಪ್ಯೂಟರ್ ಲ್ಯಾಬಿನ ಡೆಸ್ಕ್‌ಟಾಪಿನಲ್ಲಿ ಮೈಕಿಗೂ ಹೆಡ್‌ಫೋನಿಗೂ ಬೇರೆ ಬೇರೆ ತೂತು ಇದ್ದರೆ, ಈ ನಾಲ್ಕು ಪಟ್ಟಿಯ ಪಿನ್ನು ನೇರ ಕೂರುವುದಿಲ್ಲ. ಒಂದನ್ನು ಎರಡು ಮಾಡುವ ಸ್ಪ್ಲಿಟರ್ ಬೇಕು.

ನಿಜಕ್ಕೂ ಈ ಮೈಕು ಕೆಲಸ ಮಾಡುತ್ತಿದೆಯೇ, ಫೋನಿನ ಸ್ವಂತ ಮೈಕೇ ರೆಕಾರ್ಡ್ ಮಾಡುತ್ತಿದೆಯೇ ಎಂದು ತಿಳಿಯಲು ಸುಲಭ ಉಪಾಯ: ರೆಕಾರ್ಡಿಂಗ್ ಶುರು ಮಾಡಿ, ಕಾಲರ್ ಮೈಕನ್ನು ಉಗುರಿನಿಂದ ಮೂರು ಸಲ ಮೆಲ್ಲಗೆ ತಟ್ಟಿ, ಆಮೇಲೆ ಫೋನನ್ನು ತಟ್ಟಿ. ಕೇಳುವಾಗ ಯಾವುದು ಜೋರಾಗಿದೆಯೋ ಅದೇ ಕೆಲಸ ಮಾಡುತ್ತಿರುವುದು.

ಎಲ್ಲಿ ಸಿಕ್ಕಿಸಬೇಕು? ಗಲ್ಲದಿಂದ ಒಂದು ಗೇಣು ಕೆಳಗೆ, ಸ್ವಲ್ಪ ಪಕ್ಕಕ್ಕೆ. ನೇರ ಬಾಯಿಯ ಎದುರಿಗೆ ಹಿಡಿದರೆ ಉಸಿರು ಬಡಿಯುತ್ತದೆ. ಕನ್ನಡದಲ್ಲಿ ಮಹಾಪ್ರಾಣಗಳಿವೆ ಎಂಬುದನ್ನು ಮೈಕು ಚೆನ್ನಾಗಿ ನೆನಪಿಸುತ್ತದೆ: 'ಭಟ್ಕಳದ ಬಂದರು' ಎಂದು ಓದಿಸಿ ನೋಡಿ, ಭ ಅಕ್ಷರಕ್ಕೆ 'ಧಬ್' ಎಂದು ಗುದ್ದಿದಂತೆ ಕೇಳಿದರೆ ಮೈಕನ್ನು ಇನ್ನೆರಡು ಬೆರಳು ಪಕ್ಕಕ್ಕೆ ಸರಿಸಿ. ಸಮವಸ್ತ್ರದ ಟೈ, ಐಡಿ ಕಾರ್ಡಿನ ದಾರ, ಹುಡುಗಿಯರ ಜಡೆ ಮೈಕಿಗೆ ತಾಗದಿರಲಿ.

ಇದರ ದೋಷ: ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುತ್ತದೆ. ಒಬ್ಬರ ಮಾತಿಗೆ ಒಳ್ಳೆಯದು, ನಾಲ್ವರ ಚರ್ಚೆಗೆ ಸಾಲದು. ಇಬ್ಬರಿದ್ದರೆ ಇಬ್ಬರ ನಡುವೆ ಒಂದೇ ಮೈಕು ಇಡುವ ಬದಲು, ಒಬ್ಬರಿಗೆ ಇದು, ಇನ್ನೊಬ್ಬರಿಗೆ ಇನ್ನೊಂದು ಫೋನು ಕೊಟ್ಟು, ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ. ಎಡಿಟ್ ಮಾಡುವಾಗ ಎರಡೂ ಫೈಲಿನ ಚಪ್ಪಾಳೆಯ ಚೂಪು ಗೆರೆಯನ್ನು ಒಂದರ ಕೆಳಗೊಂದು ಹೊಂದಿಸಿದರೆ ಮಾತು ಕೂಡಿಕೊಳ್ಳುತ್ತದೆ. ಚೆಂಡೆ-ಮದ್ದಳೆಯ ಹತ್ತಿರ ಈ ಮೈಕನ್ನು ಒಯ್ಯಲೇಬೇಡಿ. ಪೆಟ್ಟು ಬಿದ್ದಾಗೆಲ್ಲ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಯಾವ ತಂತ್ರಾಂಶವೂ ಜೋಡಿಸದು. ಹತ್ತು-ಹದಿನೈದು ಅಡಿ ದೂರ ನಿಂತು ಫೋನಿನಲ್ಲೇ ಹಿಡಿಯಿರಿ.

ಮಾಡು, ಮಳೆ, ಫ್ಯಾನು

ಮೈಕಿಗಿಂತ ಕೋಣೆ ಮುಖ್ಯ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಜೂನ್ ತಿಂಗಳ ಹೊನ್ನಾವರದಲ್ಲಿ ಯಾವ ಕೋಣೆ ಎಂದು ಹೇಳುವುದಿಲ್ಲ. ಖಾಲಿ ತರಗತಿ ಬೇಡ. ಗಿಲಾಯಿ ಮಾಡಿದ ಗೋಡೆ, ಸಿಮೆಂಟಿನ ನೆಲ, ಬೋಳು ಬೆಂಚು. ಮಾತು ಬಾವಿಯಿಂದ ಬಂದಂತೆ ಕೇಳುತ್ತದೆ. ಪುಸ್ತಕ ತುಂಬಿದ ಗ್ರಂಥಾಲಯದ ಮೂಲೆ, ವಾರ್ಷಿಕೋತ್ಸವದ ಪರದೆ ಮಡಚಿಟ್ಟ ಕೋಣೆ, ಜಮಖಾನ ಇಡುವ ಕೋಣೆ ಉತ್ತಮ. ಒಂದು ಚಪ್ಪಾಳೆ ಹೊಡೆದು ಕೇಳಿ: ಸದ್ದಿಗೆ ಬಾಲ ಇದ್ದರೆ ಆ ಕೋಣೆ ಬಿಡಿ.

ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ರೆಕಾರ್ಡಿಂಗ್ ಮಾಡುವುದು ಎಂದರೆ ಹುಚ್ಚು. ತಂತ್ರಾಂಶದಲ್ಲಿ ಸದ್ದು ತೆಗೆಯಬಹುದಲ್ಲ ಎಂಬ ಭರವಸೆ ಬೇಡ. ಸದ್ದು ತೆಗೆಯುವ ಉಪಾಯ ಕೆಲಸ ಮಾಡುವುದು ಒಂದೇ ಸಮ ಇರುವ ಸದ್ದಿಗೆ: ಫ್ಯಾನಿನ ಗುಂಯ್, ಯುಪಿಎಸ್ಸಿನ ಗೊಣಗು. ತಗಡಿನ ಮೇಲಿನ ಮಳೆ ಏರುತ್ತದೆ, ಇಳಿಯುತ್ತದೆ, ಹನಿಹನಿಗೂ ಬೇರೆ. ಸಮುದ್ರದ ತೆರೆಯೂ ಹಾಗೆಯೇ. ಅದನ್ನು ಅಳಿಸಲು ಹೊರಟರೆ ಮಾತೂ ನೀರಿನೊಳಗಿಂದ ಬಂದಂತಾಗುತ್ತದೆ.

ಶಾಲೆಯ ವರ್ಷವನ್ನೇ ಮಳೆಗೆ ಹೊಂದಿಸಿಕೊಳ್ಳುವುದು ಜಾಣತನ. ಜೂನ್‌ನಿಂದ ಆಗಸ್ಟ್‌ವರೆಗೆ ಬ್ಲಾಗು ಬರೆಯಿಸಿ, ಸಂದರ್ಶನದ ಪ್ರಶ್ನೆ ಸಿದ್ಧಮಾಡಿಸಿ, ಎಡಿಟಿಂಗ್ ಕಲಿಸಿ. ದಸರಾ ರಜೆಯ ನಂತರ ಫೆಬ್ರವರಿಯವರೆಗೆ ರೆಕಾರ್ಡಿಂಗ್. ಸಾಣಿಕಟ್ಟೆಯ ಉಪ್ಪಿನಾಗರ, ಶಿರಸಿ ಕಡೆಯ ಅಡಿಕೆ ಕೊಯ್ಲು ಎಲ್ಲ ಸಿಗುವುದೂ ಒಣ ದಿನಗಳಲ್ಲೇ. ಸಮುದ್ರದಂಡೆಯಲ್ಲಿ ರೆಕಾರ್ಡ್ ಮಾಡುವುದಾದರೆ ಮೈಕಿನ ಸ್ಪಂಜು ಟೋಪಿ ಸಾಲದು, ಗಾಳಿ ಅದನ್ನು ದಾಟುತ್ತದೆ. ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ, ಅಥವಾ ದೋಣಿಯ ಮರೆಗೆ ಹೋಗಿ. ತೆರೆಯ ಸದ್ದು ಬೇಕಾದರೆ ಅದನ್ನೇ ಬೇರೆಯಾಗಿ ಒಂದು ನಿಮಿಷ ಹಿಡಿದಿಟ್ಟು, ಮಾತಿನ ಕೆಳಗೆ ಮೆಲ್ಲಗೆ ಸೇರಿಸಿ.

ರೆಕಾರ್ಡ್ ಮಾಡುವಾಗ ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಫ್ಯಾನು ಬಂದ್ ಇರಲಿ. ಮಾತು ಶುರುವಾಗುವ ಮೊದಲು ಐದು ಸೆಕೆಂಡು ಯಾರೂ ಉಸಿರೆತ್ತದೆ ಸುಮ್ಮನಿರಿ. ಆ ಐದು ಸೆಕೆಂಡಿನ ಮೌನಕ್ಕೆ ಎಡಿಟಿಂಗಿನಲ್ಲಿ ಕೆಲಸ ಇದೆ.

ಆಡಾಸಿಟಿ: ಪುಕ್ಕಟೆ, ಗಡುಸು, ಸಾಕಷ್ಟು

2000ನೇ ಇಸವಿಯಿಂದ ಇರುವ ತಂತ್ರಾಂಶ, ಕಾಸಿಲ್ಲ, ಶಾಲೆಯ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಫೋನಿಗೆ ಇಲ್ಲ. ಮೊದಲ ತೊಡಕು ಬಾಗಿಲಲ್ಲೇ: ಫೋನಿನ ರೆಕಾರ್ಡರು ಸಾಮಾನ್ಯವಾಗಿ ಎಂ4ಎ ಫೈಲು ಮಾಡುತ್ತದೆ, ವಿಂಡೋಸಿನ ಆಡಾಸಿಟಿ ಅದನ್ನು ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ತುಣುಕು ಕೇಳುತ್ತದೆ. ಅದನ್ನು ಒಮ್ಮೆ ಹಾಕಿಕೊಂಡರೆ ಮುಗಿಯಿತು. ಇಲ್ಲವೇ ಫೋನಿನ ರೆಕಾರ್ಡರಿನಲ್ಲೇ ವೇವ್ ಫೈಲಿನ ಆಯ್ಕೆ ಇದ್ದರೆ ಅದನ್ನೇ ಇಡಿ. ವೇವ್ ಫೈಲು ಒಂದೇ ಚಾನೆಲ್ಲಿನಲ್ಲಿ ನಿಮಿಷಕ್ಕೆ ಸುಮಾರು 5 ಎಂಬಿ ತಿನ್ನುತ್ತದೆ, ಹತ್ತು ನಿಮಿಷಕ್ಕೆ 50ಕ್ಕೂ ಹೆಚ್ಚು.

ಫೋನಿನಿಂದ ಲ್ಯಾಪ್‌ಟಾಪಿಗೆ ಕಳಿಸಲು ವಾಟ್ಸಾಪ್ ಬಳಸುವವರು ವಾಯ್ಸ್ ಮೆಸೇಜಾಗಿ ಕಳಿಸಬೇಡಿ, ಅದು ಧ್ವನಿಯನ್ನು ಹಿಂಡಿ ತೆಗೆಯುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು ಬೇಡದ್ದನ್ನು ಕತ್ತರಿಸಿ. ಆಮೇಲೆ ಹೈ-ಪಾಸ್ ಫಿಲ್ಟರ್, 100 ಹರ್ಟ್ಸ್. ಮಕ್ಕಳ ಧ್ವನಿ ಅದಕ್ಕಿಂತ ಎಷ್ಟೋ ಮೇಲಿದೆ, ಹಾಗಾಗಿ ಮಾತಿಗೇನೂ ಆಗದೆ ಗುಡುಗಿನಂಥ ಗುಡುಗುಡು ಮಾತ್ರ ಹೋಗುತ್ತದೆ. ನಂತರ ನಾಯ್ಸ್ ರಿಡಕ್ಷನ್: ಆ ಐದು ಸೆಕೆಂಡಿನ ಮೌನವನ್ನು ಆರಿಸಿ, ನಾಯ್ಸ್ ಪ್ರೊಫೈಲ್ ಒತ್ತಿ, ಮತ್ತೆ ಇಡೀ ಫೈಲು ಆರಿಸಿ ಅನ್ವಯಿಸಿ. 12 ಡೆಸಿಬಲ್ ದಾಟಬೇಡಿ, 6 ಸಾಕಾದರೆ 6ಕ್ಕೇ ನಿಲ್ಲಿಸಿ. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಶನ್, ಎಂದರೆ ಇಡೀ ಕಂತಿನ ಜೋರನ್ನು ಒಂದು ಮಟ್ಟಕ್ಕೆ ತರುವುದು. ಇಲ್ಲಿ ಆಡಾಸಿಟಿ ತಾನಾಗಿ ತೋರಿಸುವ ಸಂಖ್ಯೆ ಮೈನಸ್ 23, ಅದು ಟೀವಿ ಪ್ರಸಾರದ ಲೆಕ್ಕ. ಹಾಗೇ ಬಿಟ್ಟರೆ ಬಸ್ಸಿನಲ್ಲಿ ಕೇಳುವವರಿಗೆ ಏನೂ ಕೇಳಿಸದು. ಪಾಡ್‌ಕಾಸ್ಟಿಗೆ ಮೈನಸ್ 16 ಮಾಡಿ. ಒಂದೇ ಚಾನೆಲ್ಲಿನ ಫೈಲಾದರೆ ಅಲ್ಲೇ ಇರುವ ಡ್ಯುಯಲ್ ಮೋನೋ ಎಂಬ ಚೌಕವನ್ನು ನೋಡಿ: ಅದು ಟಿಕ್ ಆಗಿದ್ದರೆ ಮೈನಸ್ 19ರ ಮಟ್ಟಕ್ಕೆ ಬರುತ್ತದೆ, ಅದೇ ಸರಿ, ಎರಡೂ ಕಿವಿಗೆ ಕೇಳುವಾಗ ಅದು ಮೈನಸ್ 16ರಷ್ಟೇ ಜೋರಾಗಿರುತ್ತದೆ.

ಈ ಕ್ರಮವನ್ನು ಹಿಂದುಮುಂದು ಮಾಡಿ ಮೊದಲು ಧ್ವನಿ ಏರಿಸಿದರೆ ಫ್ಯಾನಿನ ಸದ್ದೂ ಏರಿ ಕೂತಿರುತ್ತದೆ. ರೆಕಾರ್ಡ್ ಮಾಡುವಾಗಲೇ ಧ್ವನಿಮಟ್ಟದ ಗೆರೆಯ ತುದಿ ಮೈನಸ್ 12 ಮತ್ತು ಮೈನಸ್ 6 ಡೆಸಿಬಲ್ ನಡುವೆ ಆಡುತ್ತಿದ್ದರೆ ಅರ್ಧ ಕೆಲಸ ಕಡಿಮೆ.

ಎಂಪಿ3 ತೆಗೆಯುವಾಗ ಮೋನೋ, 64 ಕೆಬಿಪಿಎಸ್. ಹತ್ತು ನಿಮಿಷದ ಕಂತು 5 ಎಂಬಿಯೊಳಗೆ ಬರುತ್ತದೆ, ಘಟ್ಟದ ಮೇಲೆ ಎರಡು ಕಡ್ಡಿ ಸಿಗ್ನಲ್ ಬರುವ ಊರಿನಲ್ಲೂ ಇಳಿಯುತ್ತದೆ. ಮಾತಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಹಾಡಿದ್ದರೆ ಮಾತ್ರ 128ಕ್ಕೆ ಹೋಗಿ. ಪ್ರಾಜೆಕ್ಟ್ ಫೈಲನ್ನು ಬೇರೆಯಾಗಿ ಸೇವ್ ಮಾಡಿ. ಎಂಪಿ3 ಎಕ್ಸ್‌ಪೋರ್ಟ್ ಮಾಡಿದ್ದು ಸೇವ್ ಮಾಡಿದಂತಲ್ಲ.

ಕಂತಿನ ಉದ್ದದ ಬಗ್ಗೆ ಒಂದು ಮಾತು. ಹೈಸ್ಕೂಲಿನ ಮಗು ಸ್ಪಷ್ಟವಾಗಿ ಓದಿದರೆ ನಿಮಿಷಕ್ಕೆ ಸುಮಾರು 80ರಿಂದ 100 ಪದ. ನಾಲ್ಕು ನಿಮಿಷದ ಕಂತಿಗೆ 350 ಪದ ಬರೆಸಿದರೆ ಸಾಕು, ಪುಲ್‌ಸ್ಕೇಪಿನ ಎರಡು ಬದಿ. ಮೊದಲ ಕಂತೇ ಅರ್ಧ ಗಂಟೆಯದು ಮಾಡಹೊರಟ ತಂಡ ಎರಡನೆಯದು ಮಾಡುವುದಿಲ್ಲ.

ಸ್ಪಾಟಿಫೈ: ಉಚಿತ, ಆದರೆ ಹೆಸರು ಬದಲಿಸುವ ಚಟ

ಮೊದಲು ಆ್ಯಂಕರ್ ಎಂದಿತ್ತು. 2019ರಲ್ಲಿ ಸ್ಪಾಟಿಫೈ ಕೊಂಡಿತು, 2023ರಲ್ಲಿ ಸ್ಪಾಟಿಫೈ ಫಾರ್ ಪಾಡ್‌ಕಾಸ್ಟರ್ಸ್ ಆಯಿತು, 2024ರಲ್ಲಿ ಸ್ಪಾಟಿಫೈ ಫಾರ್ ಕ್ರಿಯೇಟರ್ಸ್. ಆಪಿನೊಳಗೇ ರೆಕಾರ್ಡ್ ಮಾಡಿ ಜೋಡಿಸುವ ಹಳೆಯ ಸೌಲಭ್ಯವನ್ನೂ 2024ರಲ್ಲಿ ತೆಗೆದರು. ಹಾಗಾಗಿ ಹಳೆಯ ವೀಡಿಯೋ ಪಾಠ ನೋಡಿ ಆ ಗುಂಡಿ ಹುಡುಕುತ್ತಾ ಕೂರಬೇಡಿ. ಅದೇ ಪಾಠಗಳು ಗೂಗಲ್ ಪಾಡ್‌ಕಾಸ್ಟ್ಸ್‌ಗೆ ಸೇರಿಸಿ ಎಂದೂ ಹೇಳುತ್ತವೆ. ಆ ಸೇವೆಯೂ 2024ರಲ್ಲಿ ಮುಚ್ಚಿತು.

ಉಳಿದದ್ದು ಒಳ್ಳೆಯದಿದೆ. ಎಷ್ಟು ಕಂತು ಏರಿಸಿದರೂ ಹಣವಿಲ್ಲ. ಮುಖಪುಟದ ಚಿತ್ರ ಚೌಕವಾಗಿರಬೇಕು. 3000 ಅಗಲ, 3000 ಎತ್ತರ ಪಿಕ್ಸೆಲ್ ಮಾಡಿಟ್ಟರೆ ಆ್ಯಪಲ್‌ ಸೇರಿದಂತೆ ಎಲ್ಲ ಕಡೆಗೂ ಹೊಂದುತ್ತದೆ. ಫೋನಿನಲ್ಲಿ ಆ ಚಿತ್ರ ಅಂಚೆಚೀಟಿಯಷ್ಟು ಕಾಣುವುದರಿಂದ ಶಾಲೆಯ ಪೂರ್ತಿ ಹೆಸರು, ಸ್ಥಾಪನೆಯ ವರ್ಷ, ಲಾಂಛನ ಎಲ್ಲ ತುರುಕಬೇಡಿ. ಎರಡು ಪದ ಸಾಕು. ಬೇರೆ ಆಪುಗಳಿಗೂ ಹೋಗಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಆರ್‌ಎಸ್‌ಎಸ್ ಫೀಡನ್ನು (ಕಂತುಗಳ ಪಟ್ಟಿಯನ್ನು ಬೇರೆ ಆಪುಗಳಿಗೆ ಒದಗಿಸುವ ಕೊಂಡಿ) ನೀವೇ ಆನ್ ಮಾಡಬೇಕು. ಆ ಫೀಡಿನಲ್ಲಿ ಹಾಕಿದ ಇಮೇಲ್ ಎಲ್ಲರಿಗೂ ಕಾಣುತ್ತದೆ, ಬೇರೆ ಕಡೆ ಸೇರಿಸುವಾಗ ಪರಿಶೀಲನೆಯ ಕೋಡು ಅದಕ್ಕೇ ಬರುತ್ತದೆ. ಅಲ್ಲಿ ಶಾಲೆಯ ಜೀಮೇಲೇ ಇರಲಿ.

ಬ್ಲಾಗಿನಲ್ಲಿ ಕಂತನ್ನು ಕೂರಿಸಲು ಸ್ಪಾಟಿಫೈ ಕೊಡುವ ಎಂಬೆಡ್ ಕೋಡನ್ನು ಬ್ಲಾಗರಿನ ಎಚ್‌ಟಿಎಂಎಲ್ ನೋಟದಲ್ಲಿ ಅಂಟಿಸಬೇಕು. ಮಾಮೂಲಿ ಕಂಪೋಸ್ ನೋಟದಲ್ಲಿ ಅಂಟಿಸಿದರೆ ಓದುಗರಿಗೆ ಕೋಡೇ ಕಾಣುತ್ತದೆ. ವರ್ಡ್‌ಪ್ರೆಸ್ಸಿನಲ್ಲಿ ಕೊಂಡಿ ಅಂಟಿಸಿದರೆ ಸಾಕು, ಪ್ಲೇಯರು ತಾನಾಗಿ ಬರುತ್ತದೆ.

ಸ್ಪಾಟಿಫೈಗೆ ನಾವು ಪೂರ್ತಿ ಅಂಕ ಕೊಡದಿರಲು ಕಾರಣ ಕೇಳುಗರು. ದೇವಬಾಗದ ಅಜ್ಜಿಯ ಫೋನಿನಲ್ಲಿ ಸ್ಪಾಟಿಫೈ ಇರುವುದಿಲ್ಲ. ಕೊಂಡಿ ಒತ್ತಿದರೆ ಆಪು ಹಾಕಿಕೊಳ್ಳಿ ಎನ್ನುತ್ತದೆ, ಅವರು ಅಲ್ಲಿಗೇ ಬಿಡುತ್ತಾರೆ. ಅದೇ ಎಂಪಿ3ಯನ್ನು ಪಾಲಕರ ವಾಟ್ಸಾಪ್ ಗುಂಪಿಗೂ ಹಾಕಿ, ಒಂದು ಚಿತ್ರ ಸೇರಿಸಿ ಯೂಟ್ಯೂಬಿಗೂ ಏರಿಸಿ. ಯೂಟ್ಯೂಬಿನಲ್ಲಿ ಫೋನ್ ನಂಬರಿನ ಪರಿಶೀಲನೆ ಮಾಡದ ಚಾನೆಲ್ಲಿಗೆ 15 ನಿಮಿಷದ ಮಿತಿ ಇದೆ.

ಒಪ್ಪಿಗೆ ಪತ್ರ ಮತ್ತು ಹಾಡು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಪಾಲಕರ ಒಪ್ಪಿಗೆ ಬೇಕು. ಕನ್ನಡದಲ್ಲಿ ಅರ್ಧ ಪುಟದ ಪತ್ರ ಮಾಡಿ, ಧ್ವನಿ, ಹೆಸರು, ಫೋಟೋ ಮೂರಕ್ಕೂ ಬೇರೆ ಬೇರೆ ಚೌಕ ಇಡಿ. ಧ್ವನಿಗೆ ಹೂಂ ಎಂದವರು ಫೋಟೋಕ್ಕೆ ಬೇಡ ಎನ್ನಬಹುದು. ಮಗುವಿನ ಮೊದಲ ಹೆಸರು ಸಾಕು. ಹೆಸರು, ಊರು, ಸಮವಸ್ತ್ರದ ಫೋಟೋ ಮೂರೂ ಒಂದೇ ಪುಟದಲ್ಲಿ ಬೇಡ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಟ್ಯಾಗ್ ಆಫ್ ಇರಲಿ. ಸಂದರ್ಶನ ಕೊಟ್ಟ ಹಿರಿಯರ ಒಪ್ಪಿಗೆಯನ್ನು ರೆಕಾರ್ಡಿಂಗಿನ ಶುರುವಿನಲ್ಲೇ ಅವರ ಬಾಯಲ್ಲೇ ಹೇಳಿಸಿ, ಪ್ರಸಾರದಲ್ಲಿ ಕತ್ತರಿಸಿದರೂ ಮೂಲ ಫೈಲು ಇಟ್ಟುಕೊಳ್ಳಿ.

ಶುರುವಿನ ಸಂಗೀತಕ್ಕೆ ಸಿನಿಮಾ ಹಾಡು ಬೇಡ. ಹತ್ತು ಸೆಕೆಂಡು ಬಳಸಿದರೆ ತಪ್ಪಿಲ್ಲ ಎಂಬುದು ಹರಟೆಯ ಮಾತು, ಕಾನೂನಿನಲ್ಲಿ ಅಂಥ ರಿಯಾಯಿತಿ ಇಲ್ಲ. ಶಾಲೆಯ ಹುಡುಗನೇ ನುಡಿಸಿದ ಮದ್ದಳೆಯ ನಾಲ್ಕು ಪೆಟ್ಟು ಅದಕ್ಕಿಂತ ಚೆಂದ. ಕತೆ ಓದಿಸುವುದಾದರೆ ಲೇಖಕರು ತೀರಿಕೊಂಡು 60 ವರ್ಷ ದಾಟಿರಬೇಕು, ಇಲ್ಲವೇ ಅನುಮತಿ ಪಡೆಯಬೇಕು.

ಸ್ವಂತ ಡೊಮೇನ್ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಪ್ರತಿ ವರ್ಷ ದುಡ್ಡು ಕಟ್ಟಬೇಕು, ಕಟ್ಟುವವರಿಗೆ ವರ್ಗವಾಗುತ್ತದೆ, ಅವಧಿ ಮುಗಿದ ವಿಳಾಸವನ್ನು ಇನ್ಯಾರೋ ಹಿಡಿಯುತ್ತಾರೆ, ಆಮೇಲೆ ಶಾಲೆಯ ಹೆಸರಿನಲ್ಲಿ ಏನು ಕಾಣುತ್ತದೆಂದು ಹೇಳಲು ಬರುವುದಿಲ್ಲ.

ಅಂಕ ಕೊಡುವುದಾದರೆ ಐದಕ್ಕೆ ಬ್ಲಾಗರಿಗೆ ನಾಲ್ಕು, ವರ್ಡ್‌ಪ್ರೆಸ್ಸಿನ ಉಚಿತ ಯೋಜನೆಗೆ ಎರಡೂವರೆ, ಆಡಾಸಿಟಿಗೆ ನಾಲ್ಕೂವರೆ, ಸ್ಪಾಟಿಫೈಗೆ ಮೂರು, ಬೋಯಾ ಮೈಕಿಗೆ ನಾಲ್ಕು. ಟೇಪು ಅಂಟಿಸದಿದ್ದರೆ ಎರಡು. ಮೈಕನ್ನು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಗುಂಡುಬ್ಯಾಟರಿ ತೆಗೆದು. ಒಳಗೇ ಬಿಟ್ಟರೆ ಅದು ಸೋರಿ ಹಸಿರುಗಟ್ಟುತ್ತದೆ.

ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು ಗೂಗಲ್ ಟೇಕ್‌ಔಟ್‌ನಿಂದ ಬ್ಲಾಗಿನ ಪ್ರತಿ ಇಳಿಸಿ, ಎಲ್ಲ ಎಂಪಿ3, ಮೂಲ ಫೋಟೋ, ಒಪ್ಪಿಗೆ ಪತ್ರಗಳ ಸ್ಕ್ಯಾನ್ ಜೊತೆ ಒಂದು ಪೆನ್‌ಡ್ರೈವಿಗೆ ಹಾಕಿ. ಅದೂ ಬ್ಯಾಕಪ್ ಕೋಡಿನ ಲಕೋಟೆಯೂ ಒಂದೇ ಕಪಾಟಿನಲ್ಲಿರಲಿ. ವರ್ಗಾವಣೆಯ ಆದೇಶ ಬಂದ ದಿನ ಚಾರ್ಜು ವಹಿಸುವ ಪಟ್ಟಿಯಲ್ಲಿ ಬೆಂಚು, ನಕಾಶೆ, ಗ್ಲೋಬಿನ ಕೆಳಗೆ ಅದನ್ನೂ ಒಂದು ಸಾಲು ಬರೆದು ಸಹಿ ತೆಗೆದುಕೊಳ್ಳಿ.